ಸ್ಥಳಪುರಾಣ ಕೇಳಿದವರ ಋಣ

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿರುವ ಮೇಲುಕೋಟೆಯು ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರದ ಪುಣ್ಯಕ್ಷೇತ್ರ. ಯದುಗಿರಿ, ತಿರುನಾರಾಯಣಪುರ ಎಂಬ ಹೆಸರುಗಳೂ ಇದಕ್ಕುಂಟು. ಊರೊಳಗೆ ಶ್ರೀ ಚೆಲುವನಾರಾಯಣಸ್ವಾಮಿ, ಬೆಟ್ಟದ ತುದಿಯಲ್ಲಿ ಶ್ರೀ ಯೋಗಾನರಸಿಂಹಸ್ವಾಮಿ, ಬೆಟ್ಟದ ಬುಡದಲ್ಲಿ ಕಲ್ಯಾಣಿ. ಇಲ್ಲಿಗೆ ಬರುವ ಭಕ್ತಾದಿಗಳು ದರ್ಶನದ ಜೊತೆಗೆ ಹೆಜ್ಜೆಗೊಂದು ಕಥೆಯನ್ನೂ ಕೇಳಿಕೊಂಡು ಹೋಗುತ್ತಾರೆ. ರಾಯಗೋಪುರದ ಎತ್ತರದ ಕಂಬಗಳ ಹತ್ತಿರ ನಿಂತರೆ, ಇದು ಒಂದೇ ರಾತ್ರಿಯಲ್ಲಿ ಎದ್ದದ್ದು ಎಂದು ಹೇಳುವವರು ಪಕ್ಕದಲ್ಲೇ ಸಿಗುತ್ತಾರೆ.

ಬೆಟ್ಟದ ಮೆಟ್ಟಿಲ ಮೇಲೆ ಆಗಾಗ ಕೇಳಿಬರುವ ಮಾತೊಂದಿದೆ. ಅಜ್ಜಿ ಏದುಸಿರು ಬಿಡುತ್ತಾ ಬೀಬಿ ನಾಚ್ಚಿಯಾರ್ ಕಥೆ ಹೇಳುತ್ತಿರುತ್ತಾಳೆ. ಕಾಲೇಜಿಗೆ ಹೋಗುವ ಮೊಮ್ಮಗ, "ಇದೆಲ್ಲ ನಿಜವಾಗ್ಲೂ ನಡೆದಿದ್ದೇನಜ್ಜಿ?" ಅಂತಾನೆ. "ಸುಮ್ಕಿರಪ್ಪ, ದೇವ್ರ ವಿಷಯದಲ್ಲಿ ಹಂಗೆಲ್ಲ ಕೇಳಬಾರ್ದು" ಅಂತಾಳೆ ಅಜ್ಜಿ. ಅಲ್ಲಿಗೆ ಮಾತು ಮುಗಿಯುತ್ತದೆ. ಇಬ್ಬರೂ ಮೇಲೆ ಹತ್ತುತ್ತಾರೆ. ಆದರೆ ಹುಡುಗನ ಪ್ರಶ್ನೆ ಅಲ್ಲೇ ಮೆಟ್ಟಿಲ ಮೇಲೆ ಉಳಿದುಬಿಡುತ್ತದೆ. ಅದನ್ನು ಎತ್ತಿಕೊಂಡು ಸ್ವಲ್ಪ ವಿಚಾರ ಮಾಡುವುದು ತಪ್ಪಲ್ಲ.

ಮೊದಲು ಕಥೆ. ಶ್ರೀ ರಾಮಾನುಜಾಚಾರ್ಯರು ತಮಿಳುನಾಡಿನಿಂದ ಹೊಯ್ಸಳರ ನಾಡಿಗೆ ಬಂದು, ಹುತ್ತದಲ್ಲಿ ಮುಚ್ಚಿಹೋಗಿದ್ದ ತಿರುನಾರಾಯಣನ ಮೂರ್ತಿಯನ್ನು ಹೊರತೆಗೆದು ಪ್ರತಿಷ್ಠೆ ಮಾಡಿದರು. ಆದರೆ ಉತ್ಸವಮೂರ್ತಿ ಇರಲಿಲ್ಲ. ಅದು ದಿಲ್ಲಿಯ ಬಾದಶಹನ ಅರಮನೆಯಲ್ಲಿದೆ ಎಂದು ತಿಳಿದು ಅಲ್ಲಿಗೇ ಹೋದರು. ಬಾದಶಹನ ಮಗಳು ಆ ಮೂರ್ತಿಯನ್ನು ಬೊಂಬೆಯೆಂದು ತಿಳಿದು ಆಡಿಸುತ್ತಿದ್ದಳು. ಆಚಾರ್ಯರು "ಬಾ, ನನ್ನ ಚೆಲುವಪಿಳ್ಳೆ" ಎಂದು ಕರೆದಾಗ ಮೂರ್ತಿಯು ಗೆಜ್ಜೆ ಸದ್ದಿನೊಂದಿಗೆ ನಡೆದುಬಂದು ಅವರ ತೊಡೆಯೇರಿತು. ಅಗಲಿಕೆ ತಾಳಲಾರದ ಹುಡುಗಿ ಹಿಂದೆಯೇ ಮೇಲುಕೋಟೆಗೆ ಬಂದು ಸ್ವಾಮಿಯ ಪಾದದಲ್ಲಿ ಐಕ್ಯಳಾದಳು. ಅವಳೇ ಬೀಬಿ ನಾಚ್ಚಿಯಾರ್. ಇಂದಿಗೂ ಸ್ವಾಮಿಯ ಪಾದದ ಬಳಿ ಅವಳಿಗೆ ಸ್ಥಾನವಿದೆ.

ಇನ್ನು ಚರಿತ್ರೆ. ಸಂಪ್ರದಾಯದ ಲೆಕ್ಕದಲ್ಲಿ ಆಚಾರ್ಯರ ಕಾಲ 1017ರಿಂದ 1137. ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆ ಮಲಿಕ್ ಕಾಫರ್‌ನ ದಂಡು ಬಂದದ್ದು 1311ರಲ್ಲಿ. ಶ್ರೀರಂಗದಲ್ಲೂ ಇಂಥದೇ ಕಥೆಯಿದೆ. ಅಲ್ಲಿ ಅವಳು ತುಲುಕ್ಕ ನಾಚ್ಚಿಯಾರ್. ಆದ್ದರಿಂದ ಹುಡುಗನ ಅನುಮಾನ ಸರಿಯಾದದ್ದೇ. ಇಸವಿ ಹಿಡಿದು ನೋಡಿದರೆ ಕಥೆ ಹೊಂದಿಕೆಯಾಗುವುದಿಲ್ಲ. ಇದನ್ನು ಮುಚ್ಚಿಡುವುದರಿಂದ ದೇವರಿಗೂ ಲಾಭವಿಲ್ಲ, ಭಕ್ತರಿಗೂ ಲಾಭವಿಲ್ಲ. ಸುಳ್ಳಿನ ಊರುಗೋಲು ಬೇಕಾಗುವಷ್ಟು ಭಕ್ತಿ ಬಡವಾಗಿರಬಾರದು.

ಹಾಗಾದರೆ ಕಥೆಯನ್ನು ಬಿಟ್ಟುಬಿಡಬಹುದೇ? ಅದೂ ಅವಸರದ ಮಾತು. ಯಾವ ಅರಸ ಯಾವ ವರ್ಷ ಎಷ್ಟು ಭೂಮಿ ಬಿಟ್ಟ ಎಂಬುದಕ್ಕೆ ಶಾಸನ ಸಾಕ್ಷಿ. ಜನರು ತಲೆತಲಾಂತರದಿಂದ ಯಾವುದನ್ನು ದೊಡ್ಡದೆಂದು ಭಾವಿಸಿದರು ಎಂಬುದಕ್ಕೆ ಐತಿಹ್ಯ ಸಾಕ್ಷಿ. ದಂಡು ಬಂದು ಗುಡಿಗಳು ಲೂಟಿಯಾದ ಕಾಲವನ್ನು ಕಂಡ ಜನ, ಆ ಕಡೆಯ ಅರಮನೆಯ ಹುಡುಗಿಯೊಬ್ಬಳನ್ನು ತಮ್ಮ ದೇವರ ಪಾದದ ಬಳಿಯೇ ಕೂರಿಸಿದರು. ಅವಳನ್ನು ನಾಚ್ಚಿಯಾರ್, ಅಂದರೆ ದೇವಿ, ಎಂದು ಕರೆದರು. ಸಿಟ್ಟಿಗೆ ಕಾರಣವಿದ್ದ ಜಾಗದಲ್ಲಿ ಅವರು ಪ್ರೀತಿಯ ಕಥೆಯನ್ನು ಇಟ್ಟುಕೊಂಡರು. ಅವರ ಈ ಆಯ್ಕೆ ಮಾತ್ರ ನಡೆದದ್ದೇ.

ಹಾಗೆಂದು ಎಲ್ಲ ಐತಿಹ್ಯವೂ ಒಳ್ಳೆಯದೆಂದು ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಕೇಳಿದವನ ತಲೆಯ ಮೇಲೆ ಜವಾಬ್ದಾರಿ ಹೊರಿಸುವ ಕಥೆಯಿದೆ. ಕೇಳಿದವನ ಕೈಗೆ ದೊಣ್ಣೆ ಕೊಡುವ ಕಥೆಯೂ ಇದೆ. ಎರಡನ್ನೂ ಬೇರೆ ಮಾಡಿ ನೋಡುವ ಬುದ್ಧಿ ಯಾತ್ರಿಕನಿಗೆ ಇರಬೇಕು. ಕೆಲವೊಮ್ಮೆ ಒಂದೇ ಕಥೆ, ಹೇಳುವವರ ಬಾಯಲ್ಲಿ ಹೀಗೂ ಆಗುತ್ತದೆ, ಹಾಗೂ ಆಗುತ್ತದೆ.

ಈ ಕಥೆಗೆ ಇನ್ನೊಂದು ಭಾಗವಿದೆ. ಅನೇಕರು ಅದನ್ನು ಬೇಗ ದಾಟಿಬಿಡುತ್ತಾರೆ. ದಿಲ್ಲಿಯಿಂದ ಬರುವ ದಾರಿಯಲ್ಲಿ ಕಳ್ಳಕಾಕರು ಎದುರಾದಾಗ ಮೂರ್ತಿಯನ್ನು ಕಾಪಾಡಿ ಮೇಲುಕೋಟೆಗೆ ಸುರಕ್ಷಿತವಾಗಿ ತಲುಪಲು ನೆರವಾದವರು ಊರ ಹೊರಗೆ ಇರಿಸಲ್ಪಟ್ಟಿದ್ದ ಜನ. ಆಚಾರ್ಯರು ಅವರನ್ನು ತಿರುಕುಲದವರು, ಅಂದರೆ ಶ್ರೇಷ್ಠ ಕುಲದವರು, ಎಂದು ಕರೆದು, ವರ್ಷದಲ್ಲಿ ಕೆಲವು ದಿನ ಗುಡಿಯೊಳಗೆ ಬರುವ ಹಕ್ಕು ಕೊಟ್ಟರೆಂದು ಪ್ರತೀತಿ. ಆ ಪದ್ಧತಿ ಶತಮಾನಗಳ ಕಾಲ ನಡೆದುಬಂತು.

ಇದನ್ನು ಕೇಳಿದ ಕೂಡಲೇ "ಆಹಾ, ಆ ಕಾಲಕ್ಕೇ ಎಂಥ ದೊಡ್ಡ ಮನಸ್ಸು!" ಎನ್ನುತ್ತೇವೆ. ಆ ಮಾತು ಸರಿಯೇ. ಒಂದು ದಿನವೂ ಬಾಗಿಲು ತೆರೆಯದಿದ್ದ ಕಾಲದಲ್ಲಿ ಕೆಲವು ದಿನ ತೆರೆದದ್ದು ಸಣ್ಣ ಸಂಗತಿಯಲ್ಲ. ಆದರೆ ಉಳಿದ ದಿನಗಳ ಲೆಕ್ಕವೇನು? ಕಾಡುದಾರಿಯಲ್ಲಿ ದೇವರಿಗೆ ಕಾವಲಾದವರಿಗೆ ಊರು ತಲುಪಿದ ಮೇಲೆ ಅದೇ ದೇವರ ಬಾಗಿಲು ವರ್ಷದ ಹೆಚ್ಚುಪಾಲು ಮುಚ್ಚಿಯೇ ಇತ್ತು. ಕಥೆ ಎಲ್ಲರಿಗೂ ಗೊತ್ತಿತ್ತು. ಉತ್ಸವದಲ್ಲಿ ಅದನ್ನು ಹೇಳಿ ಕಣ್ಣೀರು ಒರೆಸಿಕೊಂಡವರೂ ಇದ್ದಿರಬೇಕು. ಆದರೂ ಬಾಗಿಲು ತೆರೆಯಲಿಲ್ಲ. ಕೊನೆಗೆ 1948ರಲ್ಲಿ ಮೈಸೂರು ಸಂಸ್ಥಾನದಲ್ಲಿ ದೇವಾಲಯ ಪ್ರವೇಶದ ಕಾನೂನು ಬರಬೇಕಾಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಕಥೆಯೊಳಗೆ ಇದ್ದ ನ್ಯಾಯವನ್ನು ಕಥೆ ಕೇಳಿದವರು ನಡೆಸಲಿಲ್ಲ, ಕಾನೂನು ನಡೆಸಿತು. ಇದು ಕಥೆಯ ದೋಷವಲ್ಲ, ಕೇಳಿದವರ ದೋಷ.

ಇಲ್ಲಿಗೆ ಬಂದಾಗ ಹುಡುಗನ ಪ್ರಶ್ನೆ ಬೇರೆ ರೂಪ ತಾಳುತ್ತದೆ. "ಇದು ನಡೆದಿದ್ದೇ?" ಎಂದು ಕೇಳಿದ ಮೇಲೆ "ಇದನ್ನು ಕೇಳಿ ನಾನೇನು ಮಾಡಬೇಕು?" ಎಂದೂ ಕೇಳಬೇಕಾಗುತ್ತದೆ. ಮೊದಲನೆಯದಕ್ಕೆ ಪಂಡಿತರು ಉತ್ತರ ಕೊಡಬಲ್ಲರು. ಎರಡನೆಯದಕ್ಕೆ ಕೇಳಿದವನೇ ಉತ್ತರ ಕೊಡಬೇಕು. ಸುಳ್ಳು ಕಥೆಯೆಂದು ನಕ್ಕವನೂ, ಪವಿತ್ರ ಕಥೆಯೆಂದು ಕೈಮುಗಿದು ಮರೆತವನೂ ಎರಡನೆಯ ಪ್ರಶ್ನೆಯಿಂದ ಒಂದೇ ರೀತಿ ತಪ್ಪಿಸಿಕೊಂಡಿರುತ್ತಾರೆ.

ವೈರಮುಡಿ ಉತ್ಸವದ ರಾತ್ರಿ ಲಕ್ಷಾಂತರ ಜನ ಒಬ್ಬರಿಗೊಬ್ಬರು ತಾಗಿಕೊಂಡೇ ನಿಲ್ಲುತ್ತಾರೆ. ಆ ನೂಕುನುಗ್ಗಲಿನಲ್ಲಿ ಪಕ್ಕದವರು ಯಾರು, ಯಾವ ಕುಲದವರು ಎಂದು ಯಾರೂ ಕೇಳುವುದಿಲ್ಲ. ಪುಳಿಯೋಗರೆ ಪ್ರಸಾದವನ್ನು ಎಲ್ಲರೂ ಕೈಚಾಚಿ ತೆಗೆದುಕೊಳ್ಳುತ್ತಾರೆ. ಕಷ್ಟವಿರುವುದು ಬೆಟ್ಟ ಇಳಿದ ಮೇಲೆ. ಮನೆ ಕೆಲಸಕ್ಕೆ ಬರುವವರಿಗೆ ಬೇರೆ ಲೋಟ ಎತ್ತಿಟ್ಟಿರುವ ಮನೆ, ಬಾಡಿಗೆಗೆ ಕೊಡುವ ಮುಂಚೆ ಜಾತಿ ವಿಚಾರಿಸುವ ಮನೆ, ಊರ ದೇವರ ತೇರು ಕೆಲವು ಬೀದಿಗಳಿಗೆ ಹೋಗದ ಊರು ಇನ್ನೂ ಇವೆ. ತಿರುಕುಲದವರ ಕಥೆ ಕೇಳಿ ಬಂದವರು ಆ ಲೋಟವನ್ನು ನೋಡುವಾಗ ಅವರ ಕೈ ಸ್ವಲ್ಪ ತಡೆಯಬೇಕು. ತಡೆಯದಿದ್ದರೆ ಅವರು ನೋಡಿದ್ದು ಬರೀ ಕಲ್ಲು, ಕೇಳಿದ್ದು ಬರೀ ಶಬ್ದ.

ಯಾತ್ರೆಗೆ ಬಂದವರು ಸ್ಥಳಪುರಾಣವನ್ನು ಮಕ್ಕಳಿಗೆ ಧಾರಾಳವಾಗಿ ಹೇಳಲಿ. ಮಕ್ಕಳು ಪ್ರಶ್ನೆ ಕೇಳಿದರೆ ಗದರಿಸುವುದು ಬೇಡ. ಇಸವಿ ಹೊಂದದಿದ್ದರೆ ಹೊಂದುವುದಿಲ್ಲ ಎಂದೇ ಹೇಳಲಿ. ಆಮೇಲೆ, ಈ ಕಥೆಗೆ ನಾವು ಕೊಡಬೇಕಾದ ಬಾಕಿ ಇನ್ನೂ ಇದೆಯಪ್ಪ ಎಂಬ ಮಾತನ್ನೂ ಸೇರಿಸಲಿ. ಅಜ್ಜಿಯ ಭಕ್ತಿ, ಮೊಮ್ಮಗನ ಪ್ರಶ್ನೆ ಎರಡೂ ಜೊತೆಯಾಗಿ ಮೆಟ್ಟಿಲು ಹತ್ತಲಿ, ಜೊತೆಯಾಗಿಯೇ ಇಳಿದು ಮನೆ ಸೇರಲಿ.

ಶ್ರೀ ಚೆಲುವನಾರಾಯಣನು ಸರ್ವರಿಗೂ ಸನ್ಮತಿಯನ್ನು ಕರುಣಿಸಲಿ.