ಇಂದಿನ ಧಮ್ಮ ಚಿಂತನ: ಬೆಂಕಿಯ ನಂತರ ಬೇರು





2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ನಾನು ಪಾಠ ಮಾಡುವ ಶಾಲೆ ಇರುವುದು ಆ ಕಡೆಯೇ. ಏಳನೇ ತರಗತಿಯ ಹುಡುಗಿಯೊಬ್ಬಳು, "ಸಾ, ಇನ್ಮೇಲೆ ಅಲ್ಲಿ ಕಾಡು ಇರಲ್ವಾ?" ಅಂತ ಕೇಳಿದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಅವಳಿಗೆ ಉತ್ತರ ಕೊಟ್ಟದ್ದು ಮಳೆ. ಎರಡು ಮೂರು ಮಳೆ ಬಿದ್ದ ಮೇಲೆ ಊಟಿ ರಸ್ತೆಯ ಬಸ್ಸಿನಲ್ಲಿ ಹೋಗುವಾಗ ನೋಡಿದೆ. ಕರಿ ನೆಲದ ತುಂಬ ಎಳೆ ಹುಲ್ಲು. ಯಾರೂ ಬಿತ್ತಿರಲಿಲ್ಲ.

ಇಂಥ ಬೆಂಕಿ ಹೆಚ್ಚಾಗಿ ಒಣ ಹುಲ್ಲು, ತರಗೆಲೆ ಸುಟ್ಟು ಮುಂದಕ್ಕೆ ಹೋಗುತ್ತದೆ. ಮಣ್ಣು ಬಿಸಿಯನ್ನು ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ. ಕೆಲವೇ ಅಂಗುಲ ಕೆಳಗೆ ಬೇರು ಬದುಕಿರುತ್ತದೆ. ತೇಗ, ಮತ್ತಿ, ದಿಂಡಿಗ, ಮುತ್ತುಗ ಬುಡದಿಂದಲೇ ಮತ್ತೆ ಚಿಗುರುತ್ತವೆ. ಸಣ್ಣ ಸಸಿಗಳದ್ದು ಇನ್ನೊಂದು ಕಥೆ. ಬೇಸಿಗೆಯ ಬೆಂಕಿಗೆ ಕಾಂಡ ಸಾಯುತ್ತದೆ, ಮಳೆಗೆ ಚಿಗುರುತ್ತದೆ, ಮುಂದಿನ ಬೆಂಕಿಗೆ ಮತ್ತೆ ಸಾಯುತ್ತದೆ. ಮೇಲಿಂದ ನೋಡಿದರೆ ಗೇಣುದ್ದದ ಗಿಡ. ಕೆಳಗೆ ಬೇರು ವರ್ಷ ವರ್ಷ ದಪ್ಪವಾಗುತ್ತಿರುತ್ತದೆ. ಕೆಲವು ವರ್ಷ ಬೆಂಕಿ ಬೀಳದಿದ್ದರೆ ಸಾಕು, ಎದ್ದು ನಿಲ್ಲುತ್ತದೆ.

ಇದು ತಿಳಿದಾಗ ನನಗೆ ನಮ್ಮ ಹಿರಿಯರು ನೆನಪಾದರು. ನಾವು ಹಿಂದೆ ಬೌದ್ಧರೇ ಆಗಿದ್ದೆವು ಎಂದು ಬಾಬಾಸಾಹೇಬರು 1948ರಲ್ಲಿ 'ದಿ ಅನ್‌ಟಚಬಲ್ಸ್' ಗ್ರಂಥದಲ್ಲಿ ವಾದಿಸಿದರು. ನಮ್ಮದೇ ನಾಡಿನ ಭೀಮಾ ನದಿಯ ದಂಡೆಯಲ್ಲಿ, ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಅಗೆದಾಗ ಮಣ್ಣಿನಡಿಯಿಂದ ಸ್ತೂಪವೇ ಎದ್ದುಬಂತು. ಬೇರು ಅಲ್ಲೇ ಇತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅದಕ್ಕೆ ಮಳೆ ಬಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಮಾತಾಗುತ್ತದೆ. ಬಂಡೀಪುರದಲ್ಲಿ ಅದೇ ಮಳೆಗೆ ಲಂಟಾನವೂ ಚಿಗುರಿತು. ಬ್ರಿಟಿಷರ ಕಾಲದಲ್ಲಿ ಹೂವಿನ ಅಂದಕ್ಕೆಂದು ತಂದ ಗಿಡ ಅದು. ಸುಟ್ಟರೂ ಬುಡದಿಂದ ಚಿಗುರಿ, ಹುಲ್ಲಿಗೂ ಸಸಿಗೂ ಬೆಳಕು ಸಿಗದಂತೆ ಹಬ್ಬುತ್ತದೆ. ಒಣಗಿದರೆ ಮುಂದಿನ ಬೆಂಕಿಗೆ ಅದೇ ಸೌದೆ. ಮೇಲೆ ಕಡಿದರೆ ಸಾಲದು, ಬುಡದ ಬೇರನ್ನೇ ಕಡಿಯಬೇಕು. ಹಕ್ಕಿ ಬೀಳಿಸಿದ ಬೀಜದಿಂದ ಹುಟ್ಟಿದ್ದನ್ನು ಮುಂದಿನ ವರ್ಷಗಳಲ್ಲೂ ಕೀಳುತ್ತಿರಬೇಕು. ತಣ್ಹೆಯ ಬಗ್ಗೆ ಹೇಳುವಾಗ ಭಗವಾನ್ ಬುದ್ಧರು ಕೊಟ್ಟ ಹೋಲಿಕೆಯೂ ಬೇರು ಉಳಿದ ಮರದ್ದೇ.

ನನ್ನ ಮನೆಯದ್ದೇ ಹೇಳುತ್ತೇನೆ. ದೀಕ್ಷೆ ತೆಗೆದುಕೊಂಡು ಹನ್ನೊಂದು ವರ್ಷವಾಯಿತು. 22 ಪ್ರತಿಜ್ಞೆಗಳೂ ಬಾಯಿಪಾಠ. ಕಳೆದ ವರ್ಷ ತಂಗಿ ಮಗಳಿಗೆ ಒಂದು ಸಂಬಂಧ ಬಂತು. ಹುಡುಗನೂ ಬೌದ್ಧ, ಒಳ್ಳೆಯ ಕೆಲಸ. ನನ್ನ ಬಾಯಿಂದ ಬಂದ ಮೊದಲ ಮಾತು: "ಅವರು ಬಲಗೈಯವರಾ, ಎಡಗೈಯವರಾ?"

ಹುಡುಗಿ ಅಲ್ಲೇ ನಿಂತಿದ್ದಳು. "ಮಾವ, ನೀವೂ ಕೇಳ್ತೀರಾ?" ಅಂದಳು.

ಆ ಮಾತು ಹೇಗೋ ಹುಡುಗನ ಮನೆಯವರಿಗೂ ಮುಟ್ಟಿತು. ಸಂಬಂಧ ಕೂಡಿಬರಲಿಲ್ಲ. ತಂಗಿಯ ಹತ್ತಿರ ತಪ್ಪಾಯಿತು ಅಂದೆ. ಅಂದದ್ದರಿಂದ ಹೋದದ್ದೇನೂ ವಾಪಸು ಬರಲಿಲ್ಲ. ಗೋಡೆಯ ಮೇಲಿದ್ದ ದೇವರ ಫೋಟೋಗಳನ್ನು ನಾನು ಇಳಿಸಿದ್ದೆ. ಬೇರಿಗೆ ಕೈ ಹಾಕಿರಲಿಲ್ಲ.

ಬಂಧುಗಳೇ, ಪಟಿಚ್ಚ ಸಮುಪ್ಪಾದ ಹೇಳುವುದು ಇದನ್ನೇ. ಕಾರಣಗಳು ಕೂಡಿದರೆ ಯಾವುದೂ ಚಿಗುರುತ್ತದೆ. ಮಳೆ ಬೇರಿನ ಗುಣ ನೋಡಿ ಬೀಳುವುದಿಲ್ಲ. ಅಕುಶಲವನ್ನು ಕೀಳುವುದು, ಕುಶಲವನ್ನು ಬೆಂಕಿ ಬೀಳದಂತೆ ಕಾಯುವುದು, ಇವೆರಡೂ ಸೇರಿಯೇ ಸಮ್ಮಾ ವಾಯಾಮ. ಒಂದು ದಿನದ ಕೆಲಸವಲ್ಲ.

ಇಂದು ರಾತ್ರಿ ತ್ರಿಸರಣ, ಪಂಚಶೀಲ ಹೇಳಿದ ಮೇಲೆ ಐದು ನಿಮಿಷ ಸುಮ್ಮನೆ ಕೂರೋಣ. ನನ್ನೊಳಗೆ ಇನ್ನೂ ಬೇರು ಬಿಟ್ಟಿರುವ ಲಂಟಾನ ಯಾವುದು? ಒಂದನ್ನು ಗುರುತಿಸಿದರೆ ಇವತ್ತಿಗೆ ಸಾಕು.

ಸಾಧು! ಸಾಧು! ಸಾಧು!
ಜೈ ಭೀಮ್. ನಮೋ ಬುದ್ಧಾಯ.