ಬಿಗಿ ಬೇರೆ, ಕಠೋರ ಬೇರೆ

ನಮ್ಮ ಕೊಲ್ಲಾಪುರ ಸೀಮೆಯಲ್ಲಿ 'ಕಡಕ್' ಎಂಬ ಒಂದು ಶಬ್ದವು ಮಾಡದ ಕೆಲಸವಿಲ್ಲ. ಚಹಾ ಕಡಕ್, ಒಣಗಿಸಿಟ್ಟ ಜೋಳದ ರೊಟ್ಟಿ ಕಡಕ್, ಇಸ್ತ್ರಿ ಕಡಕ್, ಫೌಜದಾರ ಕಡಕ್, ಸಾಲಿಯ ಮಾಸ್ತರರೂ ಕಡಕ್. ಮಗನನ್ನು ಸಾಲಿಗೆ ಹೆಸರು ಹಚ್ಚಲು ಕರೆತರುವ ತಂದೆಯು ಮಾಸ್ತರರು ಕಡಕ್ ಇರಬೇಕೆಂದು ಕೇಳಿಕೊಳ್ಳುವದು ವಾಡಿಕೆ. ಆತನು ಬೇಡುವದು ಯಾರನ್ನು? ನಿಯಮ ತಪ್ಪದವರನ್ನೋ, ನಗದವರನ್ನೋ, ಹೊಡೆಯುವವರನ್ನೋ? ಶಬ್ದವು ಒಂದೇ ಇರುವದರಿಂದ ಮೂವರೂ ಅದರೊಳಗೆ ಅಡಗಿಕೊಳ್ಳಬಲ್ಲರು.

ಇಂಗ್ಲಿಷು ಪಾಠ ಹೇಳುವಾಗ ಈ ತೊಡಕು ಎದುರಿಗೆ ಬಂದು ನಿಲ್ಲುತ್ತದೆ. ಸ್ಟ್ರಿಕ್ಟ್, ಸ್ಟರ್ನ್, ಸಿವಿಯರ್, ರಿಜಿಡ್, ರಿಗರಸ್, ಹಾರ್ಷ್ ಎಂದು ಆರು ಗುಣವಾಚಕಗಳು. ಕೋಶ ತೆರೆದರೆ ಕಟ್ಟುನಿಟ್ಟಾದ, ಕಠಿಣವಾದ, ಕಠೋರವಾದ ಎಂಬ ಮೂರು ಮಾತುಗಳೇ ಎಲ್ಲದರ ಸುತ್ತಲೂ ತಿರುಗುತ್ತಿರುತ್ತವೆ. ಪರೀಕ್ಷೆಯ ಮಟ್ಟಿಗೆ ಇಷ್ಟು ಸಾಕು. ಆದರೆ ಗಡಸುತನವು ಎಲ್ಲಿ ನೆಲೆಸಿದೆ, ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಈ ಆರು ಶಬ್ದಗಳು ಆರು ಬೇರೆ ಬೇರೆ ಉತ್ತರಗಳನ್ನು ಕೊಡುತ್ತವೆಂದು ನಮಗೆ ತೋರುತ್ತದೆ. ಮಕ್ಕಳ ನಡುವೆ ದಿನ ಕಳೆಯುವವರಿಗೆ ಇದು ಬರಿಯ ವ್ಯಾಕರಣದ ಮಾತಾಗಿ ಉಳಿಯಲಾರದು.

ಸ್ಟ್ರಿಕ್ಟ್ ಎಂಬುದು 'ಎಳೆದು ಬಿಗಿದದ್ದು' ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ನಮ್ಮ 'ಬಿಗಿ', 'ಕಟ್ಟುನಿಟ್ಟು' ಎಂಬವುಗಳಲ್ಲಿಯೂ ಕಟ್ಟುವ ಕ್ರಿಯೆಯೇ ಇದೆ. ಈ ಅರ್ಥವನ್ನು ಕಣ್ಣಾರೆ ಕಾಣಬೇಕಾದರೆ ಇಚಲಕರಂಜಿಗೆ ಹೋಗಬೇಕು. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲನೆಯ ಯಂತ್ರಮಗ್ಗವನ್ನು ಹೂಡಿದಂದಿನಿಂದ ಆ ಊರು ನೂಲಿನ ಬಿಗಿಯನ್ನು ನಂಬಿಯೇ ಬದುಕಿದೆ. ಹಾಸಿನ ಎಳೆಗಳು ಸಡಿಲಾದರೆ ಲಾಳಿ ಹಾಯಲು ದಾರಿ ಸರಿಯಾಗಿ ತೆರೆಯದು, ಬಟ್ಟೆ ಕೆಡುವದು. ಅತಿಯಾಗಿ ಬಿಗಿದರೆ ಎಳೆ ಹರಿಯುವದು. ಅಲ್ಲದೆ ಬಿಗಿಯು ಎಲ್ಲ ಎಳೆಗಳಿಗೂ ಸಮನಾಗಿರಬೇಕು. ಸಾಹುಕಾರನ ಮಗನ ಎಳೆ ಸಡಿಲು, ಕೂಲಿಯವನ ಮಗನ ಎಳೆ ಬಿಗಿ ಎಂದಾದರೆ ಅದಕ್ಕೆ ಸ್ಟ್ರಿಕ್ಟ್ ಎಂಬ ಹೆಸರು ಸಲ್ಲದು. ಪಕ್ಷಪಾತವೆಂಬ ಹಳೆಯ ಹೆಸರು ಇದ್ದೇ ಇದೆ. ಹತ್ತೂವರೆಗೆ ಘಂಟೆ ಎಂದು ಸಾರಿದ ಮಾಸ್ತರರು ತಾವೂ ಹತ್ತೂವರೆಗೆ ಬಂದಿರಬೇಕಾಗುವದು. ಕಟ್ಟುವವನನ್ನೂ ಕಟ್ಟುವದು ಈ ಶಬ್ದದ ವಿಶೇಷ.

ರಿಜಿಡ್ ಎಂಬುದು ಇದರ ನೆರೆಮನೆಯದಾದರೂ ಅದರ ಸ್ವಭಾವ ಬೇರೆ. ಅದರ ಮೂಲದಲ್ಲಿ ಸೆಟೆದು ನಿಲ್ಲುವ ಅರ್ಥವಿದೆ. ಇಲ್ಲಿಯೂ ಮಗ್ಗದ ಮಾತೇ ನೆರವಾಗುವದು. ನೂಲಿಗೆ ಬಲ ಬರಲೆಂದು ಗಂಜಿ ಹಾಕುತ್ತಾರೆ. ಗಂಜಿ ಮಿತಿಮೀರಿದರೆ ನೂಲು ಬಾಗದೆ ಚಟ್ಟನೆ ಮುರಿಯುತ್ತದೆ. ತಂದೆಯು ರಾತ್ರಿಪಾಳಿ ಮುಗಿಸಿ ಬರುವವರೆಗೆ ಚಿಕ್ಕ ತಮ್ಮನನ್ನು ನೋಡಿಕೊಂಡು ಕುಳಿತು, ತಡವಾಗಿ ಸಾಲಿಗೆ ಬಂದ ಹುಡುಗಿಯೊಬ್ಬಳಿದ್ದಾಳೆಂದು ಇಟ್ಟುಕೊಳ್ಳೋಣ. ಕಾರಣ ಕೇಳದೆ ಅವಳನ್ನು ಹೊರಗೆ ನಿಲ್ಲಿಸುವದು ಸೆಟೆತ. ಕಾರಣ ಕೇಳಿ, ಒಳಗೆ ಕೂಡ್ರಿಸಿ, ತಪ್ಪಿದ ಪಾಠವನ್ನು ಮಧ್ಯಾಹ್ನ ಅವಳಿಂದ ಬರೆಯಿಸಿಕೊಂಡರೆ ನಿಯಮವೂ ಉಳಿಯಿತು, ಹುಡುಗಿಯೂ ಸಾಲಿಯಲ್ಲಿ ಉಳಿದಳು. ನಿಯಮವನ್ನು ಮಾಡಿದ್ದು ಪಾಠಕ್ಕಾಗಿ; ಬಾಗಿಲು ಹಾಕುವದಕ್ಕಾಗಿ ಅಲ್ಲವಷ್ಟೆ!

ಸಿವಿಯರ್ ಎಂಬುದು ನೋವಿನ ತೂಕವನ್ನು ಅಳೆಯುವ ಶಬ್ದ. ಬರಗಾಲವೂ ಜ್ವರವೂ ಸಿವಿಯರ್ ಆಗಬಲ್ಲವು, ಸ್ಟ್ರಿಕ್ಟ್ ಆಗಲಾರವು. ಈ ಭೇದಕ್ಕೆ ನಮ್ಮ ಜಿಲ್ಲೆಯ ಇತಿಹಾಸದಲ್ಲಿಯೇ ಒಂದು ಉದಾಹರಣೆ ಸಿಕ್ಕುವದು. ಗೋಪಾಲ ಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕಾಗಿ 1911ರಲ್ಲಿ ತಂದ ಮಸೂದೆಯನ್ನು ಬ್ರಿಟಿಷ್ ಸರಕಾರವು ಒಪ್ಪಲಿಲ್ಲ. ಆದರೆ 1917ರಲ್ಲಿ ಶಾಹೂ ಮಹಾರಾಜರು ಕೊಲ್ಲಾಪುರ ಸಂಸ್ಥಾನದಲ್ಲಿ ಅದನ್ನು ಉಚಿತವನ್ನಾಗಿಯೂ ಕಡ್ಡಾಯವನ್ನಾಗಿಯೂ ಮಾಡಿದರು. ಮಕ್ಕಳನ್ನು ಕಳಿಸದ ತಂದೆತಾಯಿಗಳಿಗೆ ತಿಂಗಳಿಗೆ 1 ರೂಪಾಯಿ ದಂಡವನ್ನು ಗೊತ್ತುಮಾಡಿದರು. ಅಂದಿನ ಕೂಲಿಕಾರನಿಗೆ ರೂಪಾಯಿಯು ಹಗುರಾದ ಹಣವಾಗಿರಲಿಲ್ಲ. ಆ ದಂಡವು ಸಿವಿಯರ್ ಆಗಿತ್ತೆಂದು ಯಾರಾದರೂ ವಾದಿಸಿದರೆ ನಾವು ಆ ಮಾತನ್ನು ತಳ್ಳಿಹಾಕಲಾರೆವು. ಆದರೆ ಸಾಲಿ ತೆರೆಯುವ, ಶುಲ್ಕವಿಲ್ಲದೆ ಕಲಿಸುವ ಹೊಣೆಯಿಂದ ಅದೇ ಆಜ್ಞೆಯು ಸಂಸ್ಥಾನವನ್ನೂ ಕಟ್ಟಿಹಾಕಿತ್ತು. ಕಟ್ಟು ಎರಡೂ ಕಡೆಗೆ ಇದ್ದುದರಿಂದ ಅದನ್ನು ಮೊದಲು ಸ್ಟ್ರಿಕ್ಟ್ ಎಂದು ಕರೆದು, ಅನಂತರ ದಂಡದ ಭಾರವನ್ನು ವಿಚಾರಿಸುವದು ನ್ಯಾಯ.

ಕಡ್ಡಾಯ ಶಿಕ್ಷಣಕ್ಕೆ ಮರಾಠಿಯಲ್ಲಿ 'ಸಕ್ತೀಚೇ ಶಿಕ್ಷಣ' ಎನ್ನುತ್ತಾರೆ. ದುಡಿಮೆಯೊಡನೆ ವಿಧಿಸುವ ಸೆರೆವಾಸಕ್ಕೆ 'ಸಕ್ತಮಜುರಿ' ಎನ್ನುತ್ತಾರೆ. ಎರಡರಲ್ಲಿಯೂ ಇರುವದು ಫಾರಸಿಯ ಅದೇ 'ಸಖ್ತ್'. ಸಾಲಿಯೂ ಸೆರೆಮನೆಯೂ ಒಂದೇ ಶಬ್ದದ ಸೂರಿನ ಕೆಳಗೆ ಬಂದುದನ್ನು ಕೇಳಿ ನಮ್ಮ ಕೆಲವು ವಿದ್ಯಾರ್ಥಿಗಳು ಸಂತೋಷಪಟ್ಟಾರು. ಇಂಗ್ಲಿಷಿನಲ್ಲಿ ಆ ಸೆರೆವಾಸಕ್ಕೆ ಹಚ್ಚುವ ವಿಶೇಷಣವು ರಿಗರಸ್. ನಾವು ಕಠಿಣ ಸಜೆ ಎನ್ನುವೆವು. ಆದರೆ ರಿಗರಸ್ ಎಂಬುದಕ್ಕೆ ಇನ್ನೊಂದು ಮಾನ್ಯವಾದ ಬಾಳೂ ಇದೆ. ಸದಲಗೆಯಲ್ಲಿ ಹುಟ್ಟಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಬಹುಕಾಲ ಅರ್ಧಮಾಗಧಿಯನ್ನು ಕಲಿಸಿ, 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದ ಡಾ. ಆ. ನೇ. ಉಪಾಧ್ಯೆಯವರು ಪ್ರಾಕೃತ ಗ್ರಂಥಗಳನ್ನು ಸಂಪಾದಿಸಿದ ಬಗೆಯನ್ನು ವಿದ್ವಾಂಸರು ಈ ಶಬ್ದದಿಂದಲೇ ಹೊಗಳಬಲ್ಲರು. ಹಸ್ತಪ್ರತಿಗಳನ್ನು ಎದುರುಬದುರು ಇಟ್ಟು ಅಕ್ಷರ ಅಕ್ಷರಕ್ಕೂ ತಾಳೆ ನೋಡುವ ಆ ಕೆಲಸದಲ್ಲಿ ಕಠಿಣತೆಯೆಲ್ಲ ಮಾಡುವವನ ಪಾಲಿಗೇ ಬರುವದು. ಮತ್ತೊಬ್ಬರಿಗೆ ಅದರ ಫಲ ಮಾತ್ರ.

ಇನ್ನು ಉಳಿದ ಎರಡರ ಗೊಂದಲವೇ ನಮ್ಮ ವೃತ್ತಿಯಲ್ಲಿ ಹೆಚ್ಚು ಹಾನಿ ಮಾಡಿದ್ದು. ಸ್ಟರ್ನ್ ಎಂಬುದು ಮೋರೆಯಲ್ಲಿಯೂ ದನಿಯಲ್ಲಿಯೂ ಇರುವದು. ಮಳೆಗಾಲದಲ್ಲಿ ತುಂಬಿ ಹರಿಯುವ ಹಿರಣ್ಯಕೇಶಿಯ ದಂಡೆಗೆ ಓಡುವ ಮಗನನ್ನು ಒಂದೇ ಕೂಗಿಗೆ ನಿಲ್ಲಿಸುವ ಗಡಹಿಂಗ್ಲಜದ ತಾಯಿಯ ದನಿಯು ಸ್ಟರ್ನ್. ಅದರಲ್ಲಿ ಕಠೋರತೆಯ ಲೇಶವೂ ಇಲ್ಲ. ಹಾರ್ಷ್ ಎಂಬುದು ತರಚುವ ಗುಣ. ಅದಕ್ಕೆ ಗಟ್ಟಿ ದನಿ ಬೇಕಾಗಿಲ್ಲ. "ನಿಮ್ಮಪ್ಪಗs ಅಕ್ಷರ ಬರಂಗಿಲ್ಲ, ನಿನಗೆಲ್ಲಿಂದ ಬರಬೇಕೋ" ಎಂಬ ಮಾತನ್ನು ನಗುನಗುತ್ತ, ಮೆಲ್ಲಗೆ ಆಡಬಹುದು, ವರ್ಗವೆಲ್ಲ ನಗಲೂಬಹುದು. ಕೇಳಿದ ಹುಡುಗನು ಮರುದಿನ ದನಕಾಯಲು ಹೋಗುತ್ತಾನೆ. 1 ಏಪ್ರಿಲ್ 2010ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯದೆಯು ತನ್ನ 17ನೆಯ ಕಲಮಿನಲ್ಲಿ ದೈಹಿಕ ಶಿಕ್ಷೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತವನ್ನು ಮೂಲೆಗಿಟ್ಟವರಲ್ಲಿ ಕೆಲವರು ನಾಲಗೆಯನ್ನು ಹಾಗೆಯೇ ಉಳಿಸಿಕೊಂಡು, ಕೇಳಿದರೆ 'ನಾವು ಕಡಕ್' ಎನ್ನುತ್ತಾರೆ. ಶಬ್ದದ ಮೈಗಳ್ಳತನವು ಇಲ್ಲಿ ಒಂದು ಮಗುವಿನ ಓದನ್ನು ನುಂಗಿತು.

ಗಡಿಯ ಮೇಲಿನ ನಮಗೆ ಇನ್ನೊಂದು ಎಚ್ಚರ ಬೇಕು. ಕನ್ನಡದಲ್ಲಿ 'ನಿಷ್ಠುರವಾದಿ' ಎಂದರೆ ದಾಕ್ಷಿಣ್ಯಕ್ಕೆ ಬೀಳದೆ ಇದ್ದುದನ್ನು ಹೇಳುವವನು. ಬಹಳ ಸಲ ಅದು ಹೊಗಳಿಕೆ. ಮರಾಠಿಯಲ್ಲಿ 'ನಿಷ್ಠುರ' ಎಂದರೆ ಕರುಣೆಯಿಲ್ಲದವನು. ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡುವ ಹುಡುಗನಿಗೆ ಮಾಸ್ತರರನ್ನು ನಿಷ್ಠುರರೆಂದು ಹೊಗಳಿದರೆ ಆತನು ಏನು ತಿಳಿದಾನು?

ಇದೆಲ್ಲ ಕೂದಲು ಸೀಳುವ ಕೆಲಸ, ಪೆಟ್ಟು ತಿಂದ ಮಗುವಿಗೆ ಕೋಶ ಬೇಡ, ಎಂದು ಕೆಲವು ಬಂಧುಗಳು ಅನ್ನಬಹುದು. ನಿಜ, ಮಗುವಿಗೆ ಬೇಡ. ಪೆಟ್ಟು ಯಾವುದೆಂದು ಅದಕ್ಕೆ ತಿಳಿದೇ ಇರುತ್ತದೆ. ಕೋಶ ಬೇಕಾದುದು ಕೈ ಎತ್ತಿದವನಿಗೆ, ಬಾಯಿ ತೆರೆದವನಿಗೆ. ಮಾಡಿದ್ದಕ್ಕೆ ತಕ್ಕ ಹೆಸರು ಸಿಕ್ಕರೆ ಅದನ್ನು ಮತ್ತೆ ಮಾಡುವದು ಸ್ವಲ್ಪ ತ್ರಾಸದ ಕೆಲಸವಾಗುವದೆಂದು ನಮ್ಮ ನಂಬಿಕೆ.

ನಾವು ದಿನವೂ ಉಚ್ಚರಿಸುವ 'ಶಿಸ್ತು' ಎಂಬುದೂ ಫಾರಸಿಯಿಂದ ಮರಾಠಿಯ ಹಾದಿಯಾಗಿ ಬಂದದ್ದು. ಹಳೆಯ ಮರಾಠಿಯಲ್ಲಿ 'ಶಿಸ್ತ' ಎಂದರೆ ಬಂದೂಕಿನ ಗುರಿ. ಶಿಸ್ತ ಹಿಡಿಯುವದೆಂದರೆ ಗುರಿ ಹಿಡಿಯುವದು. ಸಾಲಾಗಿ ನಿಲ್ಲುವದು, ಕೈಕಟ್ಟಿ ಕೂಡ್ರುವದು ಮುಂತಾದ ಅರ್ಥಗಳು ಅದಕ್ಕೆ ಅನಂತರ ಅಂಟಿದವು. ಮೇಲಿನ ಆರು ಶಬ್ದಗಳಿಗೆ ಸರಿಹೊಂದುವ ಮಾತುಗಳು ಗಡಹಿಂಗ್ಲಜದ ಹಳ್ಳಿಗಳಲ್ಲಿ, ಇಚಲಕರಂಜಿಯ ಮಗ್ಗದ ಮನೆಗಳಲ್ಲಿ ಇನ್ನೂ ಇರಬಹುದು. ವಾಚಕರು ತಮ್ಮ ಮಕ್ಕಳ ಬಾಯಿಂದ ಅವನ್ನು ಕೇಳಿ ಬರೆದು ಕಳಿಸಬೇಕು. ಮಾಸ್ತರರ ಗಡಸುತನಕ್ಕೆ ಹೆಸರಿಡುವದರಲ್ಲಿ ಮಕ್ಕಳು ನಮಗಿಂತ ಜಾಣರು.