ಎಳೆಯರ ಮನೋಭಾರವೂ ಶರಣರ ಕಾಯಕತತ್ತ್ವವೂ

ವಿದ್ಯೆಯು ಮನಸ್ಸಿಗೆ ಬೆಳಕನ್ನೂ ಬಾಳಿಗೆ ಧೈರ್ಯವನ್ನೂ ಕೊಡಬೇಕಾದುದು. ಆದರೆ ಆ ವಿದ್ಯೆಯ ಹಾದಿಯಲ್ಲಿಯೇ ಎಳೆಯ ಮನಸ್ಸುಗಳು ಅಂಜಿ, ಬಳಲಿ, ಬಾಡುತ್ತಿರುವುದು ಈ ಕಾಲದ ದೊಡ್ಡ ವಿಪರ್ಯಾಸವಾಗಿದೆ. ಧಾರವಾಡವು ವಿದ್ಯಾಕಾಶಿಯೆಂದು ಹೆಸರಾದ ಊರು. 1917ರಲ್ಲಿ ಇಲ್ಲಿ ಕರ್ನಾಟಕ ಕಾಲೇಜು ಆರಂಭವಾದಂದಿನಿಂದ ಸುತ್ತಲಿನ ಸೀಮೆಯ ಹಳ್ಳಿಗಳ ಮಕ್ಕಳು ಬುತ್ತಿ ಕಟ್ಟಿಕೊಂಡು ಬರುತ್ತಲೇ ಇದ್ದಾರೆ. ಇಂದು ಧಾರವಾಡದ ಸಪ್ತಾಪುರದ ಓಣಿಗಳಲ್ಲಿಯೂ ಹುಬ್ಬಳ್ಳಿಯ ವಿದ್ಯಾನಗರದಲ್ಲಿಯೂ ಬಾಡಿಗೆಯ ಕೋಣೆ ಹಿಡಿದು, ಖಾನಾವಳಿಯಲ್ಲಿ ಉಂಡು, ಕಾಲೇಜು ಮುಗಿದೊಡನೆ ಟ್ಯೂಷನ್ನಿಗೆ ಓಡುವ ಹದಿನಾರು ಹದಿನೇಳರ ಮಕ್ಕಳನ್ನು ಯಾರಾದರೂ ಕಾಣಬಹುದು. ಅವರ ಬೆನ್ನ ಮೇಲಿನ ಪುಸ್ತಕದ ಚೀಲವು ಎಲ್ಲರ ಕಣ್ಣಿಗೂ ಕಾಣುತ್ತದೆ; ಮನಸ್ಸಿನ ಮೇಲಿನ ಹೊರೆಯು ಹೆತ್ತವರಿಗೂ ಕಾಣುವುದಿಲ್ಲ.

ಈ ಹೊರೆಯು ಕೇವಲ ಕಲ್ಪನೆಯದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಇವರೆಲ್ಲರ ದುಃಖಕ್ಕೂ ಪರೀಕ್ಷೆಯೊಂದೇ ಕಾರಣವೆನ್ನಲಾಗದು. ಆದರೂ ಸೋಲಿನ ಭಯವು ಪ್ರಾಣಕ್ಕಿಂತ ದೊಡ್ಡದಾಗಿ ತೋರಿದ ಮಕ್ಕಳು ಅವರಲ್ಲಿ ಹಲವರಿದ್ದರೆಂಬುದು ನಿರ್ವಿವಾದ. ಅದುಕಾರಣ ಮಕ್ಕಳ ಮನೋಭಾರವನ್ನು ಇಳಿಸುವ ಬಗೆ ಯಾವುದು ಎಂಬುದು ಸದ್ಗೃಹಸ್ಥರಿಗೆಲ್ಲ ಧರ್ಮದ ಪ್ರಶ್ನೆಯಾಗಿ ನಿಂತಿದೆ.

ಇಲ್ಲಿ ಒಂದು ಸಂದೇಹವು ಸಹಜವಾಗಿಯೇ ಹುಟ್ಟುತ್ತದೆ. ಭಾರವನ್ನು ಇಳಿಸುವುದೆಂದರೆ ಕರ್ತವ್ಯವನ್ನೇ ಇಳಿಸುವುದಲ್ಲವೇ? ಕಾಯಕವನ್ನು ಎತ್ತಿಹಿಡಿದ ಶರಣರ ಪರಂಪರೆಯವರು ಮಕ್ಕಳಿಗೆ ಓದು ಸಾಕು, ವಿಶ್ರಮಿಸಿರಿ ಎನ್ನಬಹುದೇ? ವಿದ್ಯಾರ್ಥಿಗೆ ಅಧ್ಯಯನವೇ ಕಾಯಕವೆಂಬುದು ಸತ್ಯ. ಆದರೆ ಕಾಯಕವೆಂಬ ಈ ಪವಿತ್ರ ಶಬ್ದವನ್ನೇ ಬೆತ್ತವನ್ನಾಗಿ ಮಾಡಿಕೊಂಡು ಮಗುವನ್ನು ಗದರಿಸುವ ಮನೆಗಳೂ ಉಂಟು. ಆದುದರಿಂದ ಆ ತತ್ತ್ವದ ತಿರುಳನ್ನು ಮತ್ತೊಮ್ಮೆ ನೋಡುವುದು ಅಗತ್ಯ.

ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಭಕ್ತರಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದನು. ಸತಿ ಲಕ್ಕಮ್ಮನು ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಬುದ್ಧಿ ಹೇಳಿದಳು. ಮಾರಯ್ಯನು ದುಡಿದುದರಲ್ಲಿ ತಪ್ಪಿರಲಿಲ್ಲ. ಆ ದುಡಿಮೆಯೊಳಗೆ ಆಸೆ ನುಸುಳಿತೆಂಬುದೇ ಆಕೆಯ ಆಕ್ಷೇಪ. ಕಾಯಕದ ಶುದ್ಧಿಯು ರಾಶಿಯ ಎತ್ತರದಿಂದ ಅಳೆಯತಕ್ಕದ್ದಲ್ಲ, ಮಾಡುವವನ ಭಾವದಿಂದ ಅಳೆಯತಕ್ಕದ್ದು ಎಂಬುದು ಇದರ ಮರ್ಮ.

ಇಂದಿನ ಮನೆಗಳಲ್ಲಿ ಅಕ್ಕಿಯ ರಾಶಿಯ ಸ್ಥಾನವನ್ನು ಅಂಕಗಳ ರಾಶಿಯು ಪಡೆದಿದೆ. ಮಗನು ಶ್ರದ್ಧೆಯಿಂದ ಓದಿದನೇ, ಅರಿತುಕೊಂಡನೇ ಎಂಬುದನ್ನು ಕೇಳುವವರು ವಿರಳ. ನೆರೆಮನೆಯವನಿಗಿಂತ ಎಷ್ಟು ಹೆಚ್ಚು ತಂದನು ಎಂದು ಕೇಳುವವರೇ ಬಹಳ. ತಂದೆಯ ಈಡೇರದ ಆಸೆ, ಬಂಧುಬಳಗದ ಮಾತು, ಮನೆತನದ ಹೆಸರು ಇವೆಲ್ಲವೂ ಒಂದು ಅಂಕಪಟ್ಟಿಯ ಮೇಲೆ ಏರಿ ಕುಳಿತಾಗ ಮಗುವಿನ ಓದು ಅದರ ಕಾಯಕವಾಗಿ ಉಳಿಯದೆ ಹಿರಿಯರ ಆಸೆಗೆ ಮಾಡುವ ಊಳಿಗವಾಗುತ್ತದೆ. ಕಾಯಕವು ದಣಿಸಬಹುದು, ಆದರೆ ಅಂಜಿಸಲಾರದು. ಅಂಜಿಸುವುದು ಊಳಿಗ. ಆದುದರಿಂದ ಮಗುವಿನಿಂದ ಇಳಿಸಬೇಕಾದುದು ಓದನ್ನಲ್ಲ; ಓದಿನ ಮೇಲೆ ಹಿರಿಯರು ಹೇರಿದ ಹೆಚ್ಚಿನ ಅಕ್ಕಿಯನ್ನು.

ಲಕ್ಕಮ್ಮನ ಕಥೆಯಲ್ಲಿ ಇನ್ನೊಂದು ಸೂಕ್ಷ್ಮವೂ ಅಡಗಿದೆ. ಸಾಕೆಂದವಳು ಹೆಂಡತಿ, ಕೇಳಿದವನು ಗಂಡ. ಮನೆಯ ಯಜಮಾನನಾದರೂ ಆತನು ಕೋಪಗೊಳ್ಳಲಿಲ್ಲ. ಕಲ್ಯಾಣದ ಶರಣರು ವಯಸ್ಸಿನಲ್ಲಿ ಕಿರಿಯನಾದ ಚನ್ನಬಸವಣ್ಣನ ಅರಿವಿಗೂ ತಲೆಬಾಗಿದರು. ಅಂತಹ ಪರಂಪರೆಯ ಮನೆಯಲ್ಲಿ ಹದಿನಾರರ ಮಗಳು, "ಯಪ್ಪಾ, ಇದು ನನಗ ಭಾರ ಆಗೇತಿ" ಎಂದು ನುಡಿಯಲು ಅಂಜಬೇಕಾದರೆ ಆ ಮನೆಯು ಶರಣರ ಹೆಸರನ್ನು ಮಾತ್ರ ಉಳಿಸಿಕೊಂಡಿದೆಯೆಂದು ತಿಳಿಯಬೇಕು. ಮಗುವಿನ ಮಾತನ್ನು ನಡುವೆ ಕತ್ತರಿಸದೆ, ಕೂಡಲೇ ಉಪದೇಶಕ್ಕೆ ತೊಡಗದೆ ಕೇಳಿಕೊಳ್ಳುವುದೂ ಒಂದು ದಾಸೋಹವೇ.

ಇನ್ನು ದಿನಚರಿಯ ಮಾತು. ಶರಣರು ಕಾಯವನ್ನು ದಂಡಿಸತಕ್ಕ ವೈರಿಯೆಂದು ಬಗೆಯಲಿಲ್ಲ, ದೇಗುಲವೆಂದು ಬಗೆದರು. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆಯ ನಿದ್ರೆ ಬೇಕೆಂದು ಇಂದಿನ ವೈದ್ಯಶಾಸ್ತ್ರವು ಹೇಳುತ್ತದೆ. ಓದಿದುದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೂ ಆ ನಿದ್ರೆಯೇ ಸಹಾಯಕ. ನಡುರಾತ್ರಿಯವರೆಗೆ ಪುಸ್ತಕ, ಆ ಬಳಿಕ ಮೊಬೈಲು, ನಸುಕಿನಲ್ಲಿ ಮತ್ತೆ ಟ್ಯೂಷನ್ನು ಎಂಬ ಕ್ರಮವು ದೇಗುಲದ ದೀಪಕ್ಕೆ ಎಣ್ಣೆ ಹಾಕದೆ ಬತ್ತಿಯನ್ನಷ್ಟೇ ಏರಿಸಿದಂತೆ. ಹೊತ್ತಿಗೆ ಸರಿಯಾಗಿ ರೊಟ್ಟಿ, ಸಂಜೆಗೊಂದು ಆಟ ಅಥವಾ ನಡಿಗೆ, ಮಲಗುವಾಗ ಮೊಬೈಲು ಕೈಗೆಟುಕದ ಕಡೆ ಇರುವುದು, ಇವು ಸಣ್ಣವೆನಿಸಿದರೂ ಫಲದಲ್ಲಿ ಸಣ್ಣವಲ್ಲ.

ಬೆಳಗಿನಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ, ದೃಷ್ಟಿಯನ್ನು ಅದರಲ್ಲಿ ನೆಲೆಗೊಳಿಸಿ, ಉಸಿರನ್ನು ನಿಧಾನವಾಗಿ ಬಿಡುತ್ತ ಹತ್ತು ನಿಮಿಷ ಕುಳಿತ ಮಗುವಿನ ಎದೆಬಡಿತವು ತಾನಾಗಿಯೇ ಶಾಂತವಾಗುತ್ತದೆ. ಆದರೆ ಅದನ್ನು ಅಂಕಗಳಿಗಾಗಿ ಮಾಡುವ ಹರಕೆಯೆಂದು ಕಲಿಸಬಾರದು. ಬೇಡಿಕೆಯೊಡನೆ ಬಂದ ಪೂಜೆಯು ಭಯವನ್ನೂ ಜೊತೆಯಲ್ಲಿಯೇ ತರುತ್ತದೆ.

ಕೆಲವು ಸಂದರ್ಭಗಳಲ್ಲಿ ಮನೆಯ ಪ್ರೀತಿಯೊಂದೇ ಸಾಲದು. ಮಗುವು ವಾರಗಟ್ಟಲೆ ನಿದ್ರೆಗೆಟ್ಟು, ಊಟವನ್ನು ಒಲ್ಲೆನೆಂದು, ಗೆಳೆಯರಿಂದ ದೂರವಾಗಿ ಒಬ್ಬಂಟಿಯಾಗಿ ಕುಳಿತರೆ ಅದನ್ನು ಸೋಮಾರಿತನವೆಂದಾಗಲಿ ಭಕ್ತಿಯ ಕೊರತೆಯೆಂದಾಗಲಿ ಬಗೆಯಬಾರದು. ಬದುಕೇ ಬೇಡವೆಂಬ ಮಾತು ಅದರ ಬಾಯಲ್ಲಿ ಬಂದರೆ ಒಂದು ದಿನವೂ ತಡಮಾಡದೆ, ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಧಾರವಾಡದಲ್ಲಿಯೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಜ್ವರಕ್ಕೆ ವೈದ್ಯರ ಬಳಿ ಹೋಗುವುದು ಹೇಗೆ ಲಜ್ಜೆಯಲ್ಲವೋ ಇದೂ ಹಾಗೆಯೇ ಲಜ್ಜೆಯಲ್ಲ.

ಪರೀಕ್ಷೆಯ ಸೋಲಿಗೆ ಲೋಕದಲ್ಲಿ ಪರಿಹಾರವಿದೆ. 2024ರಲ್ಲಿ ಕರ್ನಾಟಕ ಸರಕಾರವು ಹತ್ತನೆಯ ತರಗತಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸಿ, ಬಿದ್ದವರಿಗೆ ಏಳುವ ದಾರಿಯನ್ನು ತೋರಿತು. ಅಂಕಪಟ್ಟಿಯು ಸ್ಥಾವರ, ಅದನ್ನು ಮತ್ತೊಮ್ಮೆ ಬರೆಯಿಸಬಹುದು. ಮಗುವು ಜಂಗಮ, ಅದರ ಜೀವಕ್ಕೆ ಮರುಪರೀಕ್ಷೆಯಿಲ್ಲ. ಸ್ಥಾವರಕ್ಕಾಗಿ ಜಂಗಮವನ್ನು ನೋಯಿಸುವುದು ಶರಣಧರ್ಮಕ್ಕೆ ವಿರುದ್ಧವಾದುದೆಂಬುದನ್ನು ಭಕ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಫಲಿತಾಂಶದ ದಿನ ಊರಿನಿಂದ ತಂದೆಯು ಕೋಣೆಯಲ್ಲಿರುವ ಮಗನಿಗೆ ಫೋನು ಮಾಡುತ್ತಾನೆ. "ಎಷ್ಟ ಬಂತು?" ಎಂಬುದು ಮೊದಲ ಮಾತಾದರೆ ಮಗನ ಅಂಜಿಕೆಯು ಇಮ್ಮಡಿಯಾಗುತ್ತದೆ. "ಊಟಾ ಆತೇನಪಾ?" ಎಂಬುದು ಮೊದಲ ಮಾತಾದರೆ, ಬಂದುದು ಎಷ್ಟೇ ಇರಲಿ, ತನಗೊಂದು ಮನೆಯಿದೆಯೆಂದು ಆ ಮಗನು ಅರಿಯುತ್ತಾನೆ. ಸದ್ಗೃಹಸ್ಥರು ಈ ಎರಡನೆಯ ಪ್ರಶ್ನೆಯನ್ನು ಮೊದಲು ಕೇಳುವ ಅಭ್ಯಾಸವನ್ನು ಮಾಡಿಕೊಳ್ಳಲಿ. ಮಕ್ಕಳ ಓದು ಭಯವಳಿದು ಕಾಯಕವಾಗಲಿ.